ಸುಬೇದಾರರ ಜಗಲಿ: ಕೆಳಗಿನಿಂದ ಕಂಡ ಕಮಾಂಡರುಗಳು

ಜಗಲಿಯಲ್ಲಿ ಕೂತು ಪತ್ರ ಬಿಡಿಸುತ್ತಿದ್ದೇನೆ. ಮುಳ್ಳೇರಿಯದಲ್ಲಿ ಮೂರು ದಿನದಿಂದ ಬಿಡದ ಮಳೆ. ಅಡಿಕೆಗೆ ಎರಡನೇ ಸಲ ಮದ್ದು ಬಿಡಲು ಬರಬೇಕಾದವನು ಫೋನ್ ಎತ್ತುತ್ತಿಲ್ಲ. ಹಾಗಾಗಿ ನನಗೂ ಪುರುಸೊತ್ತು.

ಕಳೆದ ಸಂಚಿಕೆಯಲ್ಲಿ ಸಂಪಾದಕರು ಒಂದು ಸಣ್ಣ ಚೌಕ ಹಾಕಿದ್ದರು. "ಸೇನೆಯ ಕಮಾಂಡರುಗಳಿಂದ ಮನೆಗೆ, ಕೆಲಸಕ್ಕೆ, ಊರಿಗೆ ಕಲಿಯುವಂಥದ್ದು ಏನಾದರೂ ಇದೆಯೇ? ನಮ್ಮ ಸುಬೇದಾರರನ್ನು ಕೇಳಿ" ಅಂತ. ಕೇಳಿದ್ದೀರಿ. ಇಷ್ಟು ಪತ್ರ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ಜನರಲ್ ಅಲ್ಲ, ಕರ್ನಲ್ಲೂ ಅಲ್ಲ. 1979ರಲ್ಲಿ ಸಿಪಾಯಿ ಡ್ರೈವರ್ ಆಗಿ ಭರ್ತಿಯಾಗಿ, 2007ರಲ್ಲಿ ಸುಬೇದಾರ್ ಆಗಿ ಪೆನ್ಶನ್ ಬಂದವನು. ಆರ್ಮಿ ಸರ್ವಿಸ್ ಕೋರ್. ಅಕ್ಕಿ, ಬೇಳೆ, ಸೀಮೆಎಣ್ಣೆ, ಡೀಸೆಲ್ ಸಾಗಿಸುವ ಲಾರಿಯವರು ನಾವು. ಕಮಾಂಡರುಗಳನ್ನು ನಾನು ನೋಡಿದ್ದು ಕೆಳಗಿನಿಂದ. ಕೆಳಗಿನಿಂದ ನೋಡಿದರೆ ಮೂಗಿನ ಹೊಳ್ಳೆಯೂ ಕಾಣುತ್ತದೆ, ಅಲ್ವಾ?

"ಈ ಜೂನ್‌ನಲ್ಲಿ ಕನ್ನಡ ಮಾಧ್ಯಮ ಶಾಲೆಯೊಂದಕ್ಕೆ ಹೆಚ್ಚೆಂ (ಹೆಡ್ ಟೀಚರ್) ಆಗಿ ಬಂದೆ. ಇಬ್ಬರು ಟೀಚರುಗಳು ಸರ್ವಿಸ್‌ಗೆ ತಡವಾಗಿ ಸೇರಿದವರು, ವಯಸ್ಸಿನಲ್ಲಿ ನನಗಿಂತ ದೊಡ್ಡವರು. ಗೇಟಿನ ಡ್ಯೂಟಿ, ಮಧ್ಯಾಹ್ನದ ಊಟದ ಡ್ಯೂಟಿ ಹಾಕಿದರೆ ಮುಖ ತಿರುಗಿಸುತ್ತಾರೆ. ಮಿಲಿಟ್ರಿಯಲ್ಲಿ ಮಾತು ಕೇಳಿಸುವುದು ಹೇಗೆ?" (ಹೆಸರು ಬೇಡ, ಪೆರ್ಲ)

ಟೀಚರೇ, ಮಿಲಿಟ್ರಿಯಲ್ಲಿ ಬೊಬ್ಬೆ ಹೊಡೆದರೆ ಕೆಲಸ ಆಗುತ್ತದೆ ಎಂದು ಊರಿನವರು ತಿಳಿದುಕೊಂಡಿದ್ದಾರೆ. ಬೊಬ್ಬೆ ಇರುವುದು ಪರೇಡ್ ಮೈದಾನದಲ್ಲಿ ಮಾತ್ರ.

ನಿಮ್ಮ ಕಷ್ಟ ಸೇನೆಯಲ್ಲಿ ದಿನಾ ಇರುವಂಥದ್ದು. ಇಪ್ಪತ್ತೆರಡು ವರ್ಷದ ಲೆಫ್ಟಿನೆಂಟ್ ಬರುತ್ತಾನೆ. ಮೀಸೆ ಸರಿಯಾಗಿ ಬಂದಿರುವುದಿಲ್ಲ. ಅವನ ಕೈಕೆಳಗೆ ನಲವತ್ತೈದು ವರ್ಷದ ಸುಬೇದಾರ್ ಇರುತ್ತಾನೆ. ಆ ಹುಡುಗ ಆಫೀಸರ್ ಈ ಸುಬೇದಾರನನ್ನು ಹೆಸರು ಹಿಡಿದು ಕರೆಯುವುದಿಲ್ಲ, "ಸಾಬ್" ಎನ್ನುತ್ತಾನೆ. ಬುದ್ಧಿ ಇದ್ದವನಾದರೆ ಮೊದಲು ಕೇಳುತ್ತಾನೆ, "ಸಾಬ್, ಇದನ್ನು ಹೇಗೆ ಮಾಡೋಣ?" ಸುಬೇದಾರ್ ಹೇಳುತ್ತಾನೆ. ಆಮೇಲೆ ಆರ್ಡರ್ ಹೊರಡುವುದು ಆಫೀಸರನ ಬಾಯಿಂದ, ಆಫೀಸರನ ಹೆಸರಲ್ಲಿ. ಸರಿ ಆದರೆ ಇಬ್ಬರದ್ದೂ, ತಪ್ಪಾದರೆ ಆಫೀಸರನದ್ದು. ನೀವು ಆ ಇಬ್ಬರು ಟೀಚರುಗಳನ್ನು ಕೂರಿಸಿಕೊಂಡು ಡ್ಯೂಟಿ ಲಿಸ್ಟ್ ಮಾಡಿದ್ದೀರಾ, ಅಥವಾ ಮಾಡಿ ಗೋಡೆಗೆ ಅಂಟಿಸಿದ್ದೀರಾ? ಪತ್ರದಲ್ಲಿ ಅದು ಇಲ್ಲ.

ಇನ್ನೊಂದು ಕಥೆ ಇದೆ, ಸ್ವಲ್ಪ ಉದ್ದ. 1986ರ ಬೇಸಿಗೆ. ಶ್ರೀನಗರದಿಂದ ಲೇಹ್ ಕಡೆಗೆ ಕಾನ್ವಾಯ್. ಝೋಜಿ ಲಾ ಘಾಟಿಯಲ್ಲಿ ಹಿಮ ಕರಗಿ ರಸ್ತೆ ಎಂಬುದು ಗಂಜಿಯಾಗಿತ್ತು. ಮುಂದಿನ ಲಾರಿಯ ಹಿಂದಿನ ಚಕ್ರ ಹೂತಿತು. ಹಿಂದೆ ನಾವೆಲ್ಲ ಸಾಲಾಗಿ ನಿಂತೆವು. ಬಲಗಡೆ ಬೆಟ್ಟ, ಎಡಗಡೆ ನೋಡದಿರುವುದೇ ಒಳ್ಳೆಯದು. ಮೈಮೇಲೆ ಹಿಮದ ನೀರು ತೊಟ್ಟಿಕ್ಕುತ್ತಿತ್ತು. ಯಾರಿಗೂ ಕ್ಯಾಬಿನ್‌ನಿಂದ ಇಳಿಯುವ ಮನಸ್ಸಿಲ್ಲ. ನಾನೂ ಬೀಡಿ ಹಚ್ಚಿ ಕೂತಿದ್ದೆ.

ನಮ್ಮ ಕ್ಯಾಪ್ಟನ್ ಸಾಹೇಬರು ಜೀಪಿನಿಂದ ಇಳಿದರು. ಒಂದು ಮಾತೂ ಆಡಲಿಲ್ಲ. ಲಾರಿಯ ಪಕ್ಕಕ್ಕೆ ಕಟ್ಟಿದ್ದ ಬೆಲ್ಚಾ ಬಿಚ್ಚಿಕೊಂಡರು. ನಮ್ಮೂರಿನ ಹಾರೆಯಂತಲ್ಲ ಅದು, ಉದ್ದ ಹಿಡಿಯ ಸಲಿಕೆ. ಕೆಸರು ತೋಡಲು ಶುರು ಮಾಡಿದರು. ಆ ಕೆಲಸ ಅವರಿಗೆ ಬರುತ್ತಿರಲಿಲ್ಲ ಎಂಬುದು ಎರಡೇ ನಿಮಿಷಕ್ಕೆ ಗೊತ್ತಾಯಿತು. ಎತ್ತಿದ ಕೆಸರು ವಾಪಸ್ ಗುಂಡಿಗೇ ಬೀಳುತ್ತಿತ್ತು. ಅರ್ಧ ಅವರ ಪ್ಯಾಂಟಿಗೆ. ನಮ್ಮ ಹವಾಲ್ದಾರ ಹತ್ತಿರ ಹೋಗಿ ಮೆಲ್ಲಗೆ ಬೆಲ್ಚಾ ತೆಗೆದುಕೊಂಡ. ಅಷ್ಟು ಹೊತ್ತಿಗೆ ನಾವು ಹನ್ನೆರಡು ಜನ ಕೆಳಗಿದ್ದೆವು. ಸಾಹೇಬರು ಆಮೇಲೆ ಮಾಡಿದ್ದು ಚಕ್ರಕ್ಕೆ ಕಲ್ಲು ಹೊತ್ತು ತರುವ ಕೆಲಸ. ರಾತ್ರಿ ದ್ರಾಸ್‌ನ ಟ್ರಾನ್ಸಿಟ್ ಕ್ಯಾಂಪಿನಲ್ಲಿ ಲಂಗರಿಗೆ, ಅಂದರೆ ಜವಾನರ ಅಡುಗೆಮನೆಗೆ, ಬಂದು ದಾಲ್ ಪಾತ್ರೆಗೆ ಸೌಟು ಹಾಕಿ ತಳದವರೆಗೆ ತಿರುವಿ ನೋಡಿದರು. ನಮ್ಮೆಲ್ಲರ ತಟ್ಟೆ ಆದ ಮೇಲೆಯೇ ಅವರು ಮೆಸ್ಸಿಗೆ ಹೋದದ್ದು.

ಡೆಹ್ರಾಡೂನ್‌ನ ಮಿಲಿಟರಿ ಅಕಾಡೆಮಿಯಲ್ಲಿ ಚೆಟ್‌ವುಡ್ ಹಾಲ್ ಎಂದು ಇದೆ. 1932ರಲ್ಲಿ ಅಕಾಡೆಮಿ ಆರಂಭಿಸುವಾಗ ಜನರಲ್ ಚೆಟ್‌ವುಡ್ ಹೇಳಿದ ಮಾತನ್ನು ಅಲ್ಲಿ ಬರೆದಿದ್ದಾರೆ. ಮೊದಲು ದೇಶದ ಸುರಕ್ಷೆ, ಗೌರವ, ಒಳಿತು. ಆಮೇಲೆ ನಿನ್ನ ಕೈಕೆಳಗಿನವರ ಗೌರವ, ಒಳಿತು, ಸೌಕರ್ಯ. ನಿನ್ನ ಸ್ವಂತ ಸುಖ ಕೊನೆಗೆ, ಯಾವಾಗಲೂ ಕೊನೆಗೆ. ನಾನು ಆ ಹಾಲ್ ನೋಡಿಲ್ಲ. ಆ ಮೂರನೇ ಸಾಲನ್ನು ಮಾತ್ರ ದ್ರಾಸ್‌ನ ಲಂಗರಿನಲ್ಲಿ ನೋಡಿದ್ದೇನೆ.

ಅದೇ ಘಾಟಿಯಲ್ಲಿ, ಪಾಕಿಸ್ತಾನದ ಜೊತೆಗಿನ ಕಾಶ್ಮೀರ ಯುದ್ಧದಲ್ಲಿ, 1948ರ ನವೆಂಬರ್ 1ರಂದು ನಮ್ಮ ಕೊಡಗಿನ ತಿಮ್ಮಯ್ಯ ಟ್ಯಾಂಕ್ ಹತ್ತಿಸಿದರು. ಹನ್ನೊಂದು ಸಾವಿರ ಅಡಿಗೂ ಮೇಲೆ. ಹೇಸರಗತ್ತೆ ಹೋಗುವ ದಾರಿಯನ್ನು ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನವರು ಅಗಲ ಮಾಡಿದರು. ಟ್ಯಾಂಕುಗಳ ಮೇಲಿನ ತಿರುಗುಗೋಪುರ ಬಿಚ್ಚಿ, ಯಾರಿಗೂ ಸುಳಿವು ಸಿಗದಂತೆ ಸಾಗಿಸಿದರು. ದಾಳಿಯ ದಿನ ಮೇಜರ್ ಜನರಲ್ ತಿಮ್ಮಯ್ಯ ಮುಂದಿನ ಟ್ಯಾಂಕಿನಲ್ಲೇ ಇದ್ದರು. ಜನರಲ್ ಆದವರು ಅಲ್ಲಿ ಇರಬೇಕಾದ ಅಗತ್ಯ ಇರಲಿಲ್ಲ.

ಹಾಗಾಗಿ ಟೀಚರೇ, ಮಳೆಗಾಲ ಮುಗಿಯುವವರೆಗೆ ಬೆಳಗ್ಗಿನ ಗೇಟು ನೀವೇ ಇಟ್ಟುಕೊಳ್ಳಿ. ಕೊಡೆ ಹಿಡಿದು ನಿಂತುಕೊಳ್ಳಿ. ಅದರ ಫೋಟೋ ತೆಗೆದು ಶಾಲೆಯ ಗ್ರೂಪಿಗೆ ಮಾತ್ರ ಹಾಕಬೇಡಿ, ಹಾಕಿದರೆ ಮುಗಿಯಿತು ಕಥೆ.

"ಸುಬೇದಾರ್ ಅಜ್ಜ, ನಾವು ಬೇಕಲ ಕೋಟೆಗೆ ಟೂರ್ ಹೋಗಿದ್ದೆವು. ನಮ್ಮ ಕಾಸರಗೋಡಿನಲ್ಲಿ ದೊಡ್ಡ ಸೇನಾಪತಿ ಇದ್ದರಾ?" (ಆರನೇ ಕ್ಲಾಸು, ನೀರ್ಚಾಲು)

ಪುಟ್ಟಾ, ಆ ಕೋಟೆ ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ, 1650ರ ಸುಮಾರಿಗೆ. ಆಮೇಲೆ ಅದು ಹೈದರನ ಕೈಗೆ, ಟಿಪ್ಪುವಿನ ಕೈಗೆ, ಕೊನೆಗೆ ಕಂಪನಿಯವರ ಕೈಗೆ ಹೋಯಿತು. ನೀವು ಬುರುಜು ಹತ್ತಿ ಸಮುದ್ರ ನೋಡಿ ಬಂದಿರಬೇಕು.

ಶಿವಪ್ಪ ನಾಯಕ ಯುದ್ಧ ಗೆದ್ದವನು, ನಿಜ. ಆದರೆ ಜನ ಅವನನ್ನು ನೆನಪಿಟ್ಟುಕೊಂಡದ್ದು 'ಶಿವಪ್ಪ ನಾಯಕನ ಶಿಸ್ತು' ಎಂದು. ನಿಮ್ಮ ಪಿ.ಟಿ. ಮಾಸ್ಟ್ರು ಹೇಳುವ ಶಿಸ್ತು ಅಲ್ಲ ಅದು. ಆಗ ಶಿಸ್ತು ಎಂದರೆ ಜಮೀನಿನ ಕಂದಾಯದ ಲೆಕ್ಕ. ಅವನು ಊರೂರಲ್ಲಿ ಒಂದೊಂದು ಬಗೆಯ ಗದ್ದೆ ಆರಿಸಿ, ತಾನೇ ಖರ್ಚು ಹಾಕಿ ಹನ್ನೆರಡು ವರ್ಷ ಬೇಸಾಯ ಮಾಡಿಸಿದ ಎನ್ನುತ್ತಾರೆ. ಬೀಜಕ್ಕೆ ಎಷ್ಟು, ಆಳಿಗೆ ಎಷ್ಟು, ಬೆಳೆ ಎಷ್ಟು, ಬೆಲೆ ಎಷ್ಟು ಎಂದು ಬರೆಸಿಟ್ಟು, ಅದರ ಸರಾಸರಿ ತೆಗೆದು, ಮೂರರಲ್ಲಿ ಒಂದು ಪಾಲು ಸರ್ಕಾರಕ್ಕೆ ಎಂದು ಗೊತ್ತುಮಾಡಿದ. ಕತ್ತಿ ಹಿಡಿದವನು ಹನ್ನೆರಡು ವರ್ಷ ಬತ್ತ ಅಳೆಯುತ್ತಾ ಕೂತ! ನಿಮ್ಮ ಲೆಕ್ಕದ ಟೀಚರಿಗೆ ಇದನ್ನು ಹೇಳು, ಖುಷಿಪಡುತ್ತಾರೆ.

"ನಾನು ಸೊಸೈಟಿಯೊಂದರಲ್ಲಿ ಸೆಕ್ರೆಟರಿ. ಹೊಸ ಕ್ಲರ್ಕ್ ಹುಡುಗಿ ಒಬ್ಬರ ಅಡಿಕೆಯ ಹಣವನ್ನು ಅದೇ ಹೆಸರಿನ ಬೇರೊಬ್ಬರ ಖಾತೆಗೆ ಹಾಕಿದಳು. ನೋಡಿ ಸಹಿ ಮಾಡಬೇಕಾದ್ದು ನಾನು. ನೋಡದೆ ಸಹಿ ಮಾಡಿದ್ದೇನೆ. ಹಣ ವಾಪಸ್ ಬಂತು, ಆದರೆ ಮೇಲಿನವರು ವಿವರಣೆ ಕೇಳಿದ್ದಾರೆ. ಹುಡುಗಿಯ ಕೆಲಸ ಇನ್ನೂ ಪರ್ಮನೆಂಟ್ ಆಗಿಲ್ಲ. ನನ್ನ ಪ್ರಮೋಷನ್ ಹತ್ತಿರ ಇದೆ. ಏನೆಂದು ಬರೆಯಲಿ?" (ಕುಂಬಳೆ)

ತಮ್ಮಾ, ಈ ಪತ್ರವನ್ನು ನಾನು ಮೂರು ಸಲ ಓದಿದೆ.

ಮೊದಲು ಒಂದು ಚೀಟಿಯ ವಿಷಯ. ಎರಡನೇ ಮಹಾಯುದ್ಧ, 1944ರ ಜೂನ್ 5. ಮರುದಿನ ಬೆಳಗ್ಗೆ ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಮಿತ್ರರಾಷ್ಟ್ರಗಳ ಸೇನೆ ಇಳಿಯಬೇಕು. ಹವಾಮಾನ ಕೆಟ್ಟಿತ್ತು, ಒಂದು ದಿನ ಮುಂದೂಡಿಯೂ ಆಗಿತ್ತು. ಹೊರಡಿ ಎಂದು ಹೇಳಿದವರು ಕಮಾಂಡರ್ ಐಸೆನ್‌ಹೋವರ್. ಹೇಳಿ ಆದ ಮೇಲೆ ಒಬ್ಬರೇ ಕೂತು ಪೆನ್ಸಿಲಿನಲ್ಲಿ ಒಂದು ಸಣ್ಣ ಚೀಟಿ ಬರೆದರು. ಸೋತರೆ ಓದಲು. ಸೈನಿಕರು, ವಿಮಾನದವರು, ನೌಕೆಯವರು ಮಾಡಬೇಕಾದ್ದೆಲ್ಲ ಮಾಡಿದ್ದಾರೆ, ತಪ್ಪು ಏನಿದ್ದರೂ ಅದು ನನ್ನೊಬ್ಬನದೇ ಎಂದು ಅದರ ಸಾರ. ತಲೆಯಲ್ಲಿ ಎಷ್ಟು ಭಾರ ಇತ್ತೋ, ತಾರೀಕು ಹಾಕುವಾಗ ಜೂನ್ ಬದಲು ಜುಲೈ ಎಂದು ಬರೆದಿದ್ದಾರೆ. ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡರು. ಗೆದ್ದರು, ಓದುವ ಸಂದರ್ಭ ಬರಲಿಲ್ಲ.

ನನಗೆ ಅದರಲ್ಲಿ ಇಷ್ಟವಾದದ್ದು ಒಂದು ಕಾಟು. 'ಸೇನೆಯನ್ನು ಹಿಂತೆಗೆಯಲಾಗಿದೆ' ಎಂಬಂತೆ ಮೊದಲು ಬರೆದಿದ್ದರು. ಅದನ್ನು ಹೊಡೆದುಹಾಕಿ 'ನಾನು ಹಿಂತೆಗೆದಿದ್ದೇನೆ' ಎಂದು ಮಾಡಿದರು. ನಮ್ಮ ಆಫೀಸು ಕನ್ನಡದಲ್ಲಿ ಈ 'ಲಾಗಿದೆ' ಎಂಬುದು ದೊಡ್ಡ ಅಡಗುತಾಣ. ಪರಿಶೀಲಿಸಲಾಗಿದೆ, ಸೂಚಿಸಲಾಗಿತ್ತು, ತಪ್ಪಾಗಿ ನಮೂದಿಸಲಾಗಿದೆ. ಯಾರು ಮಾಡಿದ್ದು? ಗೊತ್ತಿಲ್ಲ, ಆಗಿದೆ ಅಷ್ಟೇ.

ನಾನೂ ಅಲ್ಲಿ ಅಡಗಿದವನೇ. ಇದನ್ನು ಈವರೆಗೆ ಯಾರಿಗೂ ಹೇಳಿಲ್ಲ.

1993ರ ಅಕ್ಟೋಬರ್ ಕೊನೆ. ನಾನಾಗ ಹವಾಲ್ದಾರ್, ಹತ್ತು ಶಕ್ತಿಮಾನ್ ಲಾರಿಗಳು ನನ್ನ ಜವಾಬ್ದಾರಿ. ರಾತ್ರಿ ದ್ರಾಸ್‌ನಲ್ಲಿ ತಂಗಿದೆವು. ಅಲ್ಲಿಯ ಚಳಿಯಲ್ಲಿ ರೇಡಿಯೇಟರಿನ ನೀರು ಹಾಗೇ ಬಿಟ್ಟರೆ ಬೆಳಗ್ಗೆ ಕಲ್ಲಾಗಿರುತ್ತದೆ. ಕಲ್ಲಾದ ನೀರು ಉಬ್ಬುತ್ತದೆ, ಎಂಜಿನ್ ಬ್ಲಾಕ್ ಸೀಳುತ್ತದೆ. ಅದಕ್ಕೇ ಮಲಗುವ ಮೊದಲು ಎಲ್ಲ ಗಾಡಿಯ ನೀರು ಬಿಡಿಸಬೇಕು. ಬಿಡಿಸಿ ಎಂದು ಹೇಳಬೇಕಾದ್ದು, ಟಾರ್ಚ್ ಹಿಡಿದು ಒಂದೊಂದೇ ಗಾಡಿಯ ಕೆಳಗೆ ಬಗ್ಗಿ ನೋಡಬೇಕಾದ್ದು ನಾನು. ಆ ರಾತ್ರಿ ನನಗೆ ತಲೆನೋವು. ಬುಖಾರಿ ಒಲೆಯ ಹತ್ತಿರ ಕೂತವನು ಹಾಗೇ ನಿದ್ದೆ ಹೋದೆ. ಹಳೆ ಡ್ರೈವರುಗಳು ಅಭ್ಯಾಸಬಲದಿಂದ ತಾವೇ ನೀರು ಬಿಟ್ಟಿದ್ದರು. ಒಬ್ಬ ಮಾತ್ರ ಬಿಟ್ಟಿರಲಿಲ್ಲ. ತಮಿಳುನಾಡಿನ ಹುಡುಗ, ಘಾಟಿ ಹತ್ತಿದ್ದು ಅದೇ ಮೊದಲು. ಅವನ ಊರಿನಲ್ಲಿ ನೀರು ಹೆಪ್ಪುಗಟ್ಟುವುದನ್ನು ಯಾರು ನೋಡಿರುತ್ತಾರೆ?

ಬೆಳಗ್ಗೆ ಬ್ಲಾಕ್ ಒಡೆದಿತ್ತು. ಮೇಜರ್ ಸಾಹೇಬರು ನನ್ನನ್ನು ಕರೆದು ಕೇಳಿದರು. ನಾನು ಹೇಳಿದ್ದು ಹಿಂದಿಯಲ್ಲಿ ಐದೇ ಶಬ್ದ: "ಡ್ರೈವರ್ ಕೋ ಬತಾಯಾ ಗಯಾ ಥಾ." ಡ್ರೈವರನಿಗೆ ಹೇಳಲಾಗಿತ್ತು. ಯಾರು ಹೇಳಿದ್ದು ಎಂದು ಸಾಹೇಬರು ಕೇಳಲಿಲ್ಲ, ನಾನೂ ಮುಂದುವರಿಸಲಿಲ್ಲ. ಹುಡುಗನ ದಾಖಲೆಗೆ ಕೆಂಪು ಶಾಯಿಯ ಎಂಟ್ರಿ ಬಿತ್ತು. ಸೇನೆಯಲ್ಲಿ ಕೆಂಪು ಶಾಯಿ ಎಂದರೆ ಸುಲಭಕ್ಕೆ ಅಳಿಯುವುದಿಲ್ಲ, ತೋಳಿನ ಪಟ್ಟಿ, ಅಂದರೆ ಬಡ್ತಿ, ಸಿಗುವಾಗ ಅಡ್ಡ ಬರುತ್ತದೆ.

ಎರಡು ದಿನ ಕಳೆದು ಕಾರ್ಗಿಲ್‌ನಲ್ಲಿ ಅವನು ನನಗೆ ಮೆಸ್ ಟಿನ್ನಿನಲ್ಲಿ ಚಾ ತಂದುಕೊಟ್ಟ. ಕೈ ಒಡೆದು ಬಿರುಕು ಬಿಟ್ಟಿತ್ತು. "ಉಸ್ತಾದ್, ನೀವು ಹೇಳಿದ್ದಿರಬಹುದು, ನನಗೆ ಕೇಳಿಸಿರಲಿಕ್ಕಿಲ್ಲ" ಎಂದ. ಬೈದಿದ್ದರೆ ಒಳ್ಳೆಯದಿತ್ತು. ಆ ಚಾ ನಾನು ಕುಡಿದೆ. ಸಕ್ಕರೆ ಜಾಸ್ತಿ ಇತ್ತು. ಮೂರು ವರ್ಷದ ಮೇಲೆ ಅವನ ಜೊತೆಯವರೆಲ್ಲ ನಾಯಕ್ ಆಗಿದ್ದರು, ಅವನು ಆಗಿರಲಿಲ್ಲ. ನಾನಂತೂ ಸುಬೇದಾರ್ ಆಗುವವರೆಗೆ ಹತ್ತಿದೆ.

ನೀವು ಬರೆಯಬೇಕಾದ್ದು ಎರಡು ಸಾಲು, ತಮ್ಮಾ. 'ವೋಚರನ್ನು ನಾನು ನೋಡದೆ ಸಹಿ ಮಾಡಿದ್ದೇನೆ. ಇನ್ನು ಮುಂದೆ ಹೆಸರಿನ ಜೊತೆ ಸದಸ್ಯ ಸಂಖ್ಯೆಯನ್ನೂ ನಾನೇ ತಾಳೆ ನೋಡುತ್ತೇನೆ.' ಹುಡುಗಿಯ ಹೆಸರು ಆ ಕಾಗದದಲ್ಲಿ ಬರಬೇಕಾಗಿಲ್ಲ. ಅವಳ ತಪ್ಪನ್ನು ಅವಳಿಗೆ ಹೇಳಿ, ಬಾಗಿಲು ಮುಚ್ಚಿ ಹೇಳಿ. ಪ್ರಮೋಷನ್ ಒಂದು ವರ್ಷ ಹಿಂದೆ ಹೋಗಬಹುದು. ಹೋಗುವುದಿಲ್ಲ ಎಂದು ಸುಳ್ಳು ಸಮಾಧಾನ ಹೇಳಲಾರೆ.

"ನಮ್ಮ ದೇವಸ್ಥಾನದ ಬ್ರಹ್ಮಕಲಶೋತ್ಸವಕ್ಕೆ ನನ್ನನ್ನು ಸ್ವಯಂಸೇವಕರ ಸಂಚಾಲಕ ಮಾಡಿದ್ದಾರೆ. ಇನ್ನೂರು ಜನ ಹೆಸರು ಕೊಟ್ಟಿದ್ದಾರೆ. ಮಿಲಿಟ್ರಿ ಶಿಸ್ತು ತರುವುದು ಹೇಗೆ?" (ಬದಿಯಡ್ಕ)

ತರಬೇಡಿ! ನಾನು ತರಲು ಹೋಗಿ ಕೆಟ್ಟವನು.

ಪೆನ್ಶನ್ ಬಂದ ಹೊಸತು. ಇಲ್ಲೇ ಹತ್ತಿರದ ಒಂದು ಜಾತ್ರೆಯಲ್ಲಿ ವಾಹನ ನಿಲ್ಲಿಸುವ ಜವಾಬ್ದಾರಿ ನನಗೆ ಕೊಟ್ಟರು. ನಾನು ಕೊರಳಿಗೆ ವಿಸಿಲ್ ಹಾಕಿಕೊಂಡೆ. ಗದ್ದೆಗೆ ಸುಣ್ಣದ ಗೆರೆ ಎಳೆಸಿದೆ. ಇಪ್ಪತ್ತು ಹುಡುಗರನ್ನು ಬೆಳಗ್ಗೆ ಆರಕ್ಕೆ ಫಾಲ್-ಇನ್ ಮಾಡಿಸಿ, ತಡವಾಗಿ ಬಂದ ಇಬ್ಬರಿಗೆ ಎಲ್ಲರ ಎದುರು ಜೋರು ಮಾಡಿದೆ. ಹನ್ನೊಂದು ಗಂಟೆಗೆ ನೋಡಿದರೆ ಗದ್ದೆಯಲ್ಲಿ ನಾನು ಮತ್ತು ನನ್ನ ವಿಸಿಲ್, ಇಬ್ಬರೇ. ಹುಡುಗರೆಲ್ಲ ಐಸ್‌ಕ್ರೀಮ್ ಗಾಡಿಯ ಹತ್ತಿರ. ಒಬ್ಬ ದೂರದಿಂದ ಸೆಲ್ಯೂಟ್ ಬೇರೆ ಹೊಡೆದ.

ಸಂಬಳ ಇಲ್ಲ, ಪೆನ್ಶನ್ ಇಲ್ಲ, ಕೋರ್ಟ್ ಮಾರ್ಷಲ್ ಇಲ್ಲ. ಮತ್ತೆ ಯಾಕೆ ಕೇಳಬೇಕು ನನ್ನ ಮಾತು?

ಅದೇ ದಿನ ರಾತ್ರಿ ಯಕ್ಷಗಾನದ ಆಟ ಇತ್ತು. ನಾನು ಬೇಜಾರಿನಲ್ಲಿ ಹಿಂದೆ ಕೂತು ಭಾಗವತರನ್ನು ನೋಡುತ್ತಿದ್ದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ಕುಂಬಳೆಯ ಪಕ್ಕದವರು ನಾವು, ನಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೂ ಆ ರಾತ್ರಿ ಹೊಸದಾಗಿ ಕಂಡಿತು. ಭಾಗವತರು ಕೂತಲ್ಲಿಂದ ಏಳುವುದಿಲ್ಲ, ಯಾರಿಗೂ ಆರ್ಡರ್ ಕೊಡುವುದಿಲ್ಲ. ವೇಷಧಾರಿಗೆ ದಣಿವಾಗಿದೆ ಎಂದು ಕಂಡರೆ ಪದ ಮೊಟಕು ಮಾಡುತ್ತಾರೆ. ಹೊಸ ಹುಡುಗ ಮಾತು ಮರೆತರೆ ಚೆಂಡೆಯವರ ಕಡೆ ಒಂದು ನೋಟ, ಬಿಡ್ತಿಗೆಯ ಒಂದು ಬಡಿತ ಬಿದ್ದು ಎಲ್ಲ ಮುಚ್ಚಿಹೋಗುತ್ತದೆ. ಚಪ್ಪಾಳೆ ಹುಡುಗನಿಗೆ. ನಾನು ಹಗಲಿಡೀ ವಿಸಿಲ್ ಊದಿದ್ದೆ.

ಈಗ ನೀವು ಮಾಡಬಹುದಾದ್ದು. ಇನ್ನೂರು ಜನರನ್ನು ಒಟ್ಟಿಗೆ ನೋಡಬೇಡಿ. ಹತ್ತು ಹತ್ತು ಜನರ ಗುಂಪು ಮಾಡಿ, ಒಂದೊಂದಕ್ಕೂ ಒಂದು ಜಾಗ ಬಿಟ್ಟುಕೊಡಿ. ಆ ಜಾಗದಲ್ಲಿ ಯಾಕೆ ಜನ ಬೇಕು ಎಂದು ಹೇಳಿ, ಹೇಗೆ ಮಾಡಬೇಕು ಎಂಬುದನ್ನು ಅವರಿಗೇ ಬಿಡಿ. ಚಪ್ಪಲಿ ಕಾಯುವವರನ್ನೂ ರಾತ್ರಿಯಿಡೀ ತರಕಾರಿ ಹೆಚ್ಚುವ ಹೆಂಗಸರನ್ನೂ ದಿನಕ್ಕೆ ಒಂದು ಸಲವಾದರೂ ಹೋಗಿ ಮಾತಾಡಿಸಿ. ಊಟ? ನಮ್ಮೂರಿನಲ್ಲಿ ಮನೆಯ ಯಜಮಾನ ಕಡೇ ಪಂಕ್ತಿಯಲ್ಲಿ ಕೂರುತ್ತಾನೆ. ಸೇನೆಯಲ್ಲಿ ಬಡಾ ಖಾನಾ ಎನ್ನುವ ದೊಡ್ಡ ಊಟದಲ್ಲೂ ಆಫೀಸರುಗಳೇ ಜವಾನರಿಗೆ ಬಡಿಸುತ್ತಾರೆ. ನಿಮ್ಮ ಎಲೆ ಕಡೇ ಪಂಕ್ತಿಯಲ್ಲಿ ಇರಲಿ. ಪಾಯಸ ಖಾಲಿಯಾಗಿದ್ದರೆ ಮಜ್ಜಿಗೆ ಇದ್ದೇ ಇರುತ್ತದೆ.

"ಹಡಗು ಮುಳುಗಿದರೆ ಕ್ಯಾಪ್ಟನ್ ಕೂಡ ಮುಳುಗಬೇಕು ಅಂತಾರೆ, ನಿಜವಾ? ನಮ್ಮ ದೋಣಿಯ ತಂಡೇಲರಿಗೂ ನನಗೂ ಇದೇ ಚರ್ಚೆ." (ಮಂಜೇಶ್ವರ)

ಎಲ್ಲರೂ ಇಳಿದ ಮೇಲೆ ಇಳಿಯಬೇಕು ಎಂಬುದು ಅದರ ಅರ್ಥ. 1971ರ ಡಿಸೆಂಬರ್ 9ರ ರಾತ್ರಿ ದೀವ್ ತೀರದಾಚೆ ನಮ್ಮ 'ಖುಕ್ರಿ' ಹಡಗಿಗೆ ಪಾಕಿಸ್ತಾನದ ಜಲಾಂತರ್ಗಾಮಿಯ ಟಾರ್ಪಿಡೊ ಬಡಿಯಿತು. ಹಡಗು ಕೆಲವೇ ನಿಮಿಷದಲ್ಲಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಉಳಿದವರನ್ನು ನೀರಿಗೆ ಇಳಿಸುತ್ತಾ ತಾವು ಹಡಗಿನಲ್ಲೇ ಉಳಿದರು. ಅವರ ಸರದಿ ಬರಲೇ ಇಲ್ಲ. ತಂಡೇಲರಿಗೆ ನನ್ನ ನಮಸ್ಕಾರ ಹೇಳಿ. ದೋಣಿಯಲ್ಲಿ ಎಲ್ಲರಿಗೂ ಲೈಫ್ ಜಾಕೆಟ್ ಇದೆಯಾ ಎಂದು ಸುಬೇದಾರ್ ಕೇಳಿದರು ಅಂತಲೂ ಹೇಳಿ.

"ಮಗ ಅಗ್ನಿವೀರ ಆಗುತ್ತೇನೆ ಎನ್ನುತ್ತಾನೆ. ಕಳಿಸಲಾ?" (ಬೋವಿಕ್ಕಾನ)

2022ರಿಂದ ಇರುವ ಕ್ರಮ ಇದು. ನಾಲ್ಕು ವರ್ಷ ಸೇವೆ, ಆಮೇಲೆ ಹೆಚ್ಚೆಂದರೆ ನೂರರಲ್ಲಿ ಇಪ್ಪತ್ತೈದು ಜನರನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ನನ್ನ ಹಾಗೆ ಇಪ್ಪತ್ತೆಂಟು ವರ್ಷ, ಪೆನ್ಶನ್ ಎಂದು ಲೆಕ್ಕ ಹಾಕಿ ಕಳಿಸಬೇಡಿ. ಐದನೇ ವರ್ಷ ಏನು ಮಾಡುತ್ತೀ ಎಂದು ಅವನನ್ನೇ ಕೇಳಿ. ಉತ್ತರ ಇದ್ದರೆ ಕಳಿಸಿ. ಈಗಿನಿಂದಲೇ ಓಡಲು ಹೇಳಿ, ಮಳೆಯಲ್ಲೂ.

"ಮೇಲಿನವರು ತಪ್ಪು ಆದೇಶ ಕೊಟ್ಟರೆ ಪಾಲಿಸುವುದು ಕರ್ತವ್ಯವೇ? ಹಾಗಾದರೆ ಕರ್ತವ್ಯಕ್ಕೂ ಗುಲಾಮಗಿರಿಗೂ ಏನು ವ್ಯತ್ಯಾಸ?" (ಕಾಲೇಜು ವಿದ್ಯಾರ್ಥಿನಿ, ಕಾಸರಗೋಡು)

ಮಗಳೇ, ಎರಡು ಯುದ್ಧ ಪಕ್ಕಪಕ್ಕ ಇಟ್ಟು ನೋಡು.

1962. ಅರುಣಾಚಲದ ನಾಮ್ಕಾ ಚು ಎಂಬ ಹೊಳೆ. ಅದರ ದಂಡೆಯ ತಗ್ಗಿನಲ್ಲಿ ನಮ್ಮ ಒಂದು ಬ್ರಿಗೇಡ್. ಎದುರಿನ ಎತ್ತರದಲ್ಲಿ ಚೀನೀಯರು. ಚಳಿಗೆ ತಕ್ಕ ಬಟ್ಟೆ ಇಲ್ಲ, ಗುಂಡು ಸಾಲದು. ಇಲ್ಲಿ ನಿಲ್ಲಲು ಆಗುವುದಿಲ್ಲ ಎಂದು ಬ್ರಿಗೇಡಿಯರ್ ದಳವಿ ಮೇಲಿನವರಿಗೆ ಹೇಳಿದ್ದರು. ಅವರ ಮೇಲಿನ ಕಮಾಂಡರ್ ಜನರಲ್ ಕೌಲ್ ಕಾಯಿಲೆ ಬಿದ್ದು ದಿಲ್ಲಿಗೆ ಹೋಗಿ, ಹಾಸಿಗೆಯಲ್ಲಿ ಮಲಗಿಕೊಂಡೇ ಕಮಾಂಡ್ ನಡೆಸುತ್ತಿದ್ದರು. ಅಲ್ಲಿಂದ ಹೊಳೆ ಕಾಣುತ್ತದಾ? ಅಕ್ಟೋಬರ್ 20ರ ಬೆಳಗ್ಗೆ ಚೀನೀಯರು ಬಂದರು. ಕೆಲವೇ ಗಂಟೆಯಲ್ಲಿ ಬ್ರಿಗೇಡ್ ಮುರಿಯಿತು. ದಳವಿ ಸೆರೆಯಾದರು.

1971ರ ಏಪ್ರಿಲ್. ಪೂರ್ವ ಪಾಕಿಸ್ತಾನಕ್ಕೆ ಈಗಲೇ ನುಗ್ಗಬಹುದಾ ಎಂದು ಇಂದಿರಾ ಗಾಂಧಿ ಕೇಳಿದಾಗ ಸೇನಾ ಮುಖ್ಯಸ್ಥ ಮಾಣೆಕ್ ಷಾ ಆಗುವುದಿಲ್ಲ ಎಂದರು. ಅವರೇ ಮುಂದೆ ಎಷ್ಟೋ ಸಲ ಹೇಳಿಕೊಂಡ ಕಥೆ ಇದು, ಹೇಳುವಾಗ ಸ್ವಲ್ಪ ಉಪ್ಪುಖಾರ ಸೇರಿರಲೂಬಹುದು. ಕಾರಣ ಮಾತ್ರ ಗಟ್ಟಿ. ಮಳೆ ಶುರುವಾದರೆ ಅಲ್ಲಿಯ ಹೊಳೆಗಳು ಸಮುದ್ರ ಆಗುತ್ತವೆ. ಉತ್ತರದ ಘಾಟಿಗಳಲ್ಲಿ ಹಿಮ ಕರಗಿದರೆ ಚೀನಾದ ಕಡೆಯೂ ನೋಡಬೇಕು. ಚಳಿಗಾಲದವರೆಗೆ ಸಮಯ ಕೊಡಿ ಎಂದರು. ಡಿಸೆಂಬರ್ 3ರಂದು ಯುದ್ಧ ಶುರು, 16ರಂದು ಢಾಕಾದಲ್ಲಿ ಶರಣಾಗತಿ. ಸುಮಾರು 93,000 ಮಂದಿ ಕೈದಿಗಳು.

ಮಾಣೆಕ್ ಷಾ 'ಆಗುವುದಿಲ್ಲ' ಎಂದಷ್ಟೇ ಹೇಳಿ ಕೂರಲಿಲ್ಲ, ಯಾವಾಗ ಆಗುತ್ತದೆ ಎಂದೂ ಹೇಳಿದರು. ಇಂದಿರಾ ಅದನ್ನು ಕೇಳಿಸಿಕೊಂಡರು, ಅದನ್ನೂ ಮರೆಯಬಾರದು. ಕೇಳಿಸಿಕೊಳ್ಳುವ ಕಿವಿ ಮೇಲೆ ಇಲ್ಲದಿದ್ದರೆ ತಿಮ್ಮಯ್ಯನವರಂಥವರೂ ಸೋಲುತ್ತಾರೆ. 1959ರಲ್ಲಿ ಸೇನಾ ಮುಖ್ಯಸ್ಥರಾಗಿದ್ದ ಅವರು ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಆಗದೆ ರಾಜೀನಾಮೆ ಕೊಟ್ಟರು. ನೆಹರೂ ಹೇಳಿದ್ದಕ್ಕೆ ವಾಪಸ್ ತೆಗೆದುಕೊಂಡರು. ತೆಗೆದುಕೊಳ್ಳಬಾರದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ. ತಿಮ್ಮಯ್ಯ ಎಂದರೆ ನನಗೆ ದೇವರು, ಆದರೂ.

ನಿನ್ನ ಎರಡನೇ ಪ್ರಶ್ನೆಗೆ ಉತ್ತರ ಬೇಕಾದರೆ ಒಮ್ಮೆ ಜಗಲಿಗೆ ಬಾ. ಒಂದು ಲೋಟ ಚಾದಲ್ಲಿ ಮುಗಿಯುವ ಮಾತಲ್ಲ ಅದು.

"ನಾನು ಒಂದು ಸಂಸ್ಥೆಯ ಆಡಳಿತ ಸಮಿತಿಯಲ್ಲಿದ್ದೇನೆ. ಅಲ್ಲಿಯ ಕೆಲಸಕ್ಕೆ ಮಗ ಅರ್ಜಿ ಹಾಕಿದ್ದ. ಒಂದು ಮಾತು ಹೇಳಿದ್ದರೆ ಸಿಗುತ್ತಿತ್ತು. ಹೇಳಲಿಲ್ಲ. ಕಾರ್ಯಪ್ಪನವರು ಮಗನನ್ನೇ ಬಿಟ್ಟುಕೊಟ್ಟರು ಎಂದು ಮನೆಯಲ್ಲಿ ಹೇಳಿದೆ. ಹೆಂಡತಿ ಮೂರು ವಾರದಿಂದ ಮಾತು ಬಿಟ್ಟಿದ್ದಾಳೆ. ಮಗ ಗಲ್ಫ್‌ಗೆ ಹೋಗುತ್ತೇನೆ ಎನ್ನುತ್ತಿದ್ದಾನೆ. ನಾನು ಮಾಡಿದ್ದು ಸರಿಯಲ್ವಾ?" (ಆದೂರು)

ಸರಿ. ಆದರೆ ಕಾರ್ಯಪ್ಪನವರ ಕಥೆಯನ್ನು ಪೂರ್ತಿ ಹೇಳಬೇಕಿತ್ತು, ಅಣ್ಣ.

1949ರ ಜನವರಿ 15ರಂದು ನಮ್ಮ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದವರು ಅವರು. ಈಗಲೂ ಆ ದಿನವೇ ಸೇನಾ ದಿನ. 1953ರಲ್ಲಿ ನಿವೃತ್ತರಾಗಿ ಮಡಿಕೇರಿಯಲ್ಲಿದ್ದರು. 1965ರ ಯುದ್ಧದಲ್ಲಿ ವಾಯುಪಡೆಯಲ್ಲಿದ್ದ ಮಗ ನಂದಾ ಅವರ ವಿಮಾನ ಪಾಕಿಸ್ತಾನದಲ್ಲಿ ಬಿತ್ತು, ಮಗ ಸೆರೆಯಾದರು. ಅಲ್ಲಿಯ ಅಧ್ಯಕ್ಷ ಅಯೂಬ್ ಖಾನ್ ದೇಶ ಒಡೆಯುವ ಮೊದಲು ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಬೇಕಾದರೆ ಮಗನನ್ನು ಬಿಡುತ್ತೇವೆ ಎಂದು ಹೇಳಿಕಳಿಸಿದರು. ಕೈದಿಗಳೆಲ್ಲರೂ ನನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಎಂದು ಇವರ ಉತ್ತರ ಹೋಯಿತು. ಕೆಲವು ತಿಂಗಳ ಮೇಲೆ ಮಗ ಬಿಡುಗಡೆಯಾಗಿ ಬಂದರು.

ಅವರು ಮಗನನ್ನು ಬಿಟ್ಟುಕೊಟ್ಟರು ಎನ್ನುವುದು ನಮ್ಮ ಮಾತಿನ ಧಾಟಿ. ಅವರು ನೋಡಿದ್ದು ಉಳಿದ ಕೈದಿಗಳ ಅಪ್ಪಂದಿರನ್ನು. ಆ ಅಪ್ಪಂದಿರಿಗೆ ಅಯೂಬ್ ಖಾನ್ ಗುರುತಿರಲಿಲ್ಲವಲ್ಲ? ನಿಮ್ಮ ಸಂಸ್ಥೆಗೆ ಅರ್ಜಿ ಹಾಕಿದ ಉಳಿದ ಹುಡುಗರಿಗೂ ಸಮಿತಿಯಲ್ಲಿ ಅಪ್ಪ ಇರಲಿಲ್ಲ.

ಒಂದು ಕೇಳುತ್ತೇನೆ, ಬೇಸರ ಮಾಡಬೇಡಿ. ನಾನು ಮಾತು ಹೇಳುವುದಿಲ್ಲ ಎಂಬುದನ್ನು ಮಗನಿಗೆ ಅರ್ಜಿ ಹಾಕುವ ಮೊದಲೇ ಹೇಳಿದ್ದಿರಾ? ಅಥವಾ ಲಿಸ್ಟ್ ಬಂದ ದಿನ ಅವನಿಗೇ ಗೊತ್ತಾಯಿತಾ? ಎರಡನೆಯದಾದರೆ ಇವತ್ತೇ ಅವನ ಹತ್ತಿರ ಕೂತು ಮಾತಾಡಿ. ಕಾರ್ಯಪ್ಪನವರ ಹೆಸರು ಎತ್ತಬೇಡಿ. ನಿಮ್ಮ ಮಾತಿನಲ್ಲೇ ಹೇಳಿ.

ಇಷ್ಟು ಬರೆದು ಮುಗಿಸುವಾಗ ನನ್ನ ಹೆಂಡತಿ ಚಾ ತಂದಳು. ಪ್ರತಿ ತಿಂಗಳೂ ನನ್ನ ಬರಹ ಮೊದಲು ಓದುವವಳು ಅವಳೇ, ಕಾಗುಣಿತ ತಿದ್ದುವುದೂ ಅವಳೇ. ಕುಂಬಳೆಯವರಿಗೆ ಕೊಟ್ಟ ಉತ್ತರದ ಹತ್ತಿರ ಬಂದವಳು ಕನ್ನಡಕ ತೆಗೆದಳು.

"ಆ ತಮಿಳು ಹುಡುಗನಿಗೆ ಕಾಗದ ಬರೆದಿದ್ದೀರಾ?"

"ವಿಳಾಸ ಹಳೆಯ ಡೈರಿಯಲ್ಲಿ ಇರಬೇಕು" ಎಂದೆ. "ಅದು ಅಟ್ಟದಲ್ಲಿದೆ. ಮಳೆ ನಿಲ್ಲಲಿ, ಹುಡುಕುತ್ತೇನೆ."

"ಅಟ್ಟದೊಳಗೆ ಮಳೆ ಇಲ್ಲ" ಎಂದಳು. ಈಗ ನೋಡಿದರೆ ಏಣಿ ತಂದು ಗೋಡೆಗೆ ಒರಗಿಸಿದ್ದಾಳೆ.